ಬಂಗಾರದ ಮೀನಿಗೆ ಹರಕೆ ಹುಂಜದ ಗರಿ

ನಡುಸಮುದ್ರದಲ್ಲಿ ನಿಂತು, ಹಕ್ಕಿಯ ಗರಿಯಿಂದ ಕಟ್ಟಿದ ಹುಸಿ ಹುಳುವನ್ನು ಗಾಳಿಯಲ್ಲಿ ಬೀಸಿ, ಡೊರಾಡೊ ಎಂಬ ಬಂಗಾರದ ಬಣ್ಣದ ಮೀನನ್ನು ಹಿಡಿದ ದೊಡ್ಡಬಳ್ಳಾಪುರ ತಾಲ್ಲೂಕಿನ ಮೊಟ್ಟಮೊದಲ ಮನುಷ್ಯ ನಾನೇ ಆಗಬೇಕು ಎಂದು ತೀರ್ಮಾನಿಸಿದೆ. ಆಗ ನನಗೆ ಹದಿನೇಳು ವರ್ಷ. ಸಮುದ್ರವನ್ನು ನೋಡಿರಲಿಲ್ಲ. ಡೊರಾಡೊವನ್ನೂ ನೋಡಿರಲಿಲ್ಲ. ಎಲ್ಲವನ್ನೂ ನೋಡಿದ ಮೇಲೆ ತೀರ್ಮಾನ ಮಾಡುವುದರಲ್ಲಿ ಏನು ದೊಡ್ಡಸ್ತಿಕೆ? ನೋಡದೆಯೇ ಮಾಡಬೇಕು!

ನಾನು ಸ್ವಲ್ಪ ನಾಚಿಕೆಯವನು. ಮನೆಗೆ ನೆಂಟರು ಬಂದರೆ ರಾಗಿ ತುಂಬಿಡುವ ದೊಡ್ಡ ಮಣ್ಣಿನ ವಾಡೆಯ ಹಿಂದೆ ಸೇರಿಕೊಂಡು, ಅವರು ಹೋದ ಮೇಲೆ ಈಚೆ ಬರುತ್ತಿದ್ದೆ. ಹತ್ತನೇ ತರಗತಿಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳುತ್ತಾರೆಂಬ ಒಂದೇ ಭಯಕ್ಕೆ ಶಾಲೆ ಬಿಟ್ಟು, ದೊಡ್ಡಬಳ್ಳಾಪುರದ ಒಂದು ಪವರ್‌ಲೂಮ್ ಶೆಡ್ಡಿನಲ್ಲಿ ಕಂಡಿಕೆಗೆ ರೇಷ್ಮೆ ನೂಲು ಸುತ್ತುವ ಕೆಲಸಕ್ಕೆ ಸೇರಿದೆ. ಆ ಮಗ್ಗಗಳ ಸದ್ದಿನಲ್ಲಿ ಯಾರೂ ಯಾರನ್ನೂ ಪ್ರಶ್ನೆ ಕೇಳುವುದಿಲ್ಲ. ಕೇಳಿದರೂ ಕೇಳಿಸುವುದಿಲ್ಲ. ನನ್ನಂಥವನಿಗಾಗಿಯೇ ದೇವರು ಸೃಷ್ಟಿಸಿದ ಉದ್ಯೋಗ.

ಒಂದು ದಿನ ಜರಿಯ ಪೆಟ್ಟಿಗೆ ಬಿಚ್ಚಿದಾಗ, ಉರುಳೆಗಳು ಅಲುಗಾಡದಿರಲೆಂದು ತುರುಕಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಗಳು ಸಿಕ್ಕವು. ಅವುಗಳಲ್ಲೊಂದು ಬಣ್ಣದ ಚಿತ್ರ. ನೀಲಿ ನೀರಿನಿಂದ ಮೇಲಕ್ಕೆ ಚಿಮ್ಮಿದ ಮೀನು! ಹೊಟ್ಟೆ ಬಂಗಾರ, ಬೆನ್ನು ಹಸಿರು, ನಡುವೆ ನೀಲಿ ಚುಕ್ಕೆ. ಹಳದಿ ಹಾಸಿಗೆ ಹಸಿರು ಹೊಕ್ಕು ಕೊಟ್ಟು ನೇಯ್ದ ಸೀರೆಯನ್ನು ಬಿಸಿಲಿಗೆ ಹಿಡಿದರೆ ಹೇಗೆ ಹೊಳೆಯುತ್ತದೋ ಹಾಗೆ. ನಮ್ಮ ಶೆಡ್ಡಿನಲ್ಲಿ ಅಷ್ಟು ಚೆಂದದ ಸೀರೆ ಬಂದದ್ದನ್ನು ನಾನು ಕಾಣೆ. ಹಾಳೆಗಳನ್ನು ಮನೆಗೆ ತಂದು, ಪಿಯುಸಿ ಮುಗಿಸಿ ಮನೆಯಲ್ಲಿದ್ದ ಶಾಮಲಕ್ಕನ ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಪದಕ್ಕೊಂದು ಪದ ಹುಡುಕಿ ಓದತೊಡಗಿದೆ.

"ಏನ್ಲಾ ಮುನಿ, ಅಷ್ಟೊಂದ್ ಓದ್ತಿದ್ದೀಯ, ಪರೀಕ್ಷೆ ಕಟ್ಟಿದ್ದೀಯಾ?" ಎಂದಳು ಅಕ್ಕ.

"ಮೀನ್ ಹಿಡಿಯೋಕೆ ಕಣಕ್ಕ."

"ಇದರಲ್ಲಿ ಕಾಲುಭಾಗ ಓದಿದ್ರೆ ಎಸ್ಸೆಲ್ಸಿ ಪಾಸಾಗ್ತಿದ್ದೆ. ಪಾಪ, ಆ ಮೀನಿನ ಗತಿ."

ಹಾಳೆಗಳು ಹೇಳಿದ್ದಿಷ್ಟು. ಆಳೆತ್ತರಕ್ಕೂ ಉದ್ದದ ಬಳುಕುವ ಕೋಲು ಬೇಕು. ಬುಡದಲ್ಲಿ ದಪ್ಪಗಿದ್ದು ತುದಿಗೆ ಹೋಗುತ್ತ ಸಣ್ಣದಾಗುವ ಭಾರದ ದಾರ ಬೇಕು, ಏಕೆಂದರೆ ಗರಿಗೆ ತೂಕವಿಲ್ಲ, ದಾರವೇ ಅದನ್ನು ಹೊತ್ತು ಹಾರಬೇಕು. ಕೋಲನ್ನು ಮೊದಲು ಹಿಂದಕ್ಕೆ ಬೀಸಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ತಾಳ್ಮೆಯಿಂದ ಕಾದು, ಆಮೇಲೆ ಮುಂದಕ್ಕೆ ಬೀಸಬೇಕು. ಡೊರಾಡೊ ತೇಲುವ ವಸ್ತುಗಳ ನೆರಳಿನಲ್ಲಿ ಇರುತ್ತದೆ, ಮರದ ದಿಮ್ಮಿಯೋ ಹಲಗೆಯೋ ಏನಾದರೂ ಸರಿ. ಇನ್ನೊಂದು ವಿಶೇಷ: ಒಂದು ಡೊರಾಡೊ ಸಿಕ್ಕಿಬಿದ್ದು ಒದ್ದಾಡತೊಡಗಿದರೆ ಮಿಕ್ಕವು ಓಡಿಹೋಗುವುದಿಲ್ಲ, ಏನಾಯಿತೆಂದು ನೋಡಲು ಸುತ್ತ ಗುಂಪುಗೂಡುತ್ತವೆ. ಸಿಕ್ಕ ಮೀನನ್ನು ದೋಣಿಗೆ ಎಳೆದುಕೊಳ್ಳುವುದು ಹೇಗೆ ಎಂಬ ಹಾಳೆ ಮಾತ್ರ ಇರಲಿಲ್ಲ. ಅದು ಕೊನೆಯ ಮಾತು, ಆಮೇಲೆ ನೋಡಿಕೊಳ್ಳೋಣ ಎಂದುಕೊಂಡೆ.

ಸಮುದ್ರಕ್ಕೆ ನನಗಿದ್ದ ದಾರಿ ಒಂದೇ, ಕಾಂತರಾಜು ಮಾವ. ಅಮ್ಮನ ತಮ್ಮ. ಮಲ್ಪೆಯಿಂದ ಬೆಂಗಳೂರಿಗೆ ಐಸಿನಲ್ಲಿ ಮೀನು ತರುವ ಲಾರಿಯ ಡ್ರೈವರ್. ಅವನು ಬಂದರೆ ಅಕ್ಕ ದುಪಟ್ಟಾ ಮೂಗಿಗೆ ಹಿಡಿಯುತ್ತಿದ್ದಳು, ನಾನು ಮೂಗು ಅರಳಿಸುತ್ತಿದ್ದೆ. ಆ ಸಲ ಅವನು ಬಂದಾಗ ವಾಡೆಯ ಹಿಂದಿನಿಂದಲೇ ನನ್ನ ಯೋಜನೆಯನ್ನೆಲ್ಲ ಹೇಳಿದೆ. ಮಾವ ಮುದ್ದೆ ನುಂಗುವುದನ್ನು ನಿಲ್ಲಿಸಿ ವಾಡೆಯನ್ನೇ ನೋಡಿದ.

"ಸಮುದ್ರದ ಮಾತು ಆಮೇಲೆ ಕಣ್ಲಾ. ದೀಪಾವಳಿ ಕಳೆದ ಮಂಗಳವಾರ ಬತ್ತೀನಿ. ಆ ಗರಿ ಕಟ್ಕೊಂಡು ನಮ್ ಮಧುರೆ ಕೆರೇಲಿ ಒಂದೇ ಒಂದು ಮೀನು ನನ್ನ ಕಣ್ಮುಂದೆ ಹಿಡಿ. ಅವತ್ತೇ ಲಾರಿ ಹತ್ತಿಸ್ಕೊಂಡೋಗಿ ಮಲ್ಪೇಲಿ ದೋಣಿಗೆ ಕೂರಿಸ್ತೀನಿ. ಆಗ್ಲಿಲ್ವಾ, ಈ ಮಾತು ಮರ್ತು ತೆಪ್ಪಗೆ ಕಂಡಿಕೆ ಸುತ್ತು."

ಒಪ್ಪಿದೆ. ಸಮುದ್ರವೋ ಕಂಡಿಕೆಯೋ, ಮಧುರೆ ಕೆರೆಯಲ್ಲಿ ತೀರ್ಮಾನವಾಗಬೇಕಿತ್ತು.

ಇಲ್ಲಿ ನಾನು ಸ್ವಲ್ಪ ಹೊಗಳಿಕೊಳ್ಳುತ್ತೇನೆ, ದಯವಿಟ್ಟು ಅಡ್ಡ ಬರಬೇಡಿ. ಕರೆಂಟು ಹೋಗಿ ಮಗ್ಗಗಳು ನಿಂತಾಗಲೆಲ್ಲ ಉಳಿದವರು ಟೀ ಅಂಗಡಿಗೆ ಹೋಗುತ್ತಿದ್ದರು, ನಾನು ಕಸಕ್ಕೆ ಹೋಗುವ ರೇಷ್ಮೆ ತುಂಡುಗಳನ್ನು ಆರಿಸಿ ಹೆಣೆಯುತ್ತ ಕೂರುತ್ತಿದ್ದೆ. ಬುಡದಲ್ಲಿ ಹೆಚ್ಚು ಎಳೆ, ಮುಂದೆ ಹೋದಂತೆ ಒಂದೊಂದೇ ಎಳೆ ಕಳೆಯುತ್ತ, ತುದಿಗೆ ಬರುವಷ್ಟರಲ್ಲಿ ಹೂವಿನ ದಾರದಷ್ಟು ತೆಳ್ಳಗೆ. ಎಲ್ಲಿಯೂ ಗಂಟು ಕೈಗೆ ಸಿಗಬಾರದು. ಸಿಕ್ಕರೆ ಬಿಚ್ಚಿ ಮತ್ತೆ ಮೊದಲಿನಿಂದ. ಹೆಣೆದಾದ ಮೇಲೆ ಜೇನುಮೇಣ, ಅದರ ಮೇಲೆ ಹರಳೆಣ್ಣೆ. ಬಿದಿರಿನ ಕೋಲನ್ನು ನೀರೊಲೆಯ ಕಾವಿನಲ್ಲಿ ನೆಟ್ಟಗೆ ಮಾಡಿದೆ. ಸಂತೆಯಲ್ಲಿ ಕೊಂಡ ಗಾಳದ ತುದಿಯಲ್ಲಿ ಹಿಂದಕ್ಕೆ ಚಾಚಿದ್ದ ಮುಳ್ಳನ್ನು ಹಾಳೆಯಲ್ಲಿ ಬರೆದಂತೆ ಅರದಿಂದ ಉಜ್ಜಿ ನಯ ಮಾಡಿದೆ, ಮೀನಿಗೆ ಗಾಯವಾಗದೆ ಬಿಡಿಸಬಹುದಂತೆ. ಸಿಗದೇ ಇದ್ದ ಮೀನಿನ ಮೇಲೆ ಆಗಲೇ ಎಷ್ಟು ಕನಿಕರ ನೋಡಿ! ಹೊಳಪಿಗೆ ಶೆಡ್ಡಿನ ತುಂಡು ಜರಿ ಇತ್ತು. ಉಳಿದದ್ದು ಗರಿ ಮಾತ್ರ. ಹಾಳೆ ಸ್ಪಷ್ಟವಾಗಿ ಹೇಳಿತ್ತು: ವಯಸ್ಸಾದ ಹುಂಜದ ಕುತ್ತಿಗೆಯ ನೀಳ ಗರಿಯೇ ಶ್ರೇಷ್ಠ.

ನಮ್ಮ ಕಡೆ ಹುಂಜಕ್ಕೆ ವಯಸ್ಸಾಗುವುದಿಲ್ಲ. ಅಷ್ಟರೊಳಗೆ ಯಾರಾದರೂ ನೆಂಟರು ಬಂದಿರುತ್ತಾರೆ. ಆದರೆ ಇಡೀ ಊರಿನಲ್ಲಿ ವಯಸ್ಸಾದ ಹುಂಜ ಒಂದಿತ್ತು, ಅದೂ ನಮ್ಮ ಮನೆಯಲ್ಲೇ. ಅದು ಸಾಮಾನ್ಯ ಹುಂಜವಲ್ಲ. ನಾನು ಹತ್ತನೇ ತರಗತಿಯಲ್ಲಿದ್ದಾಗ, ಮೊಮ್ಮಗ ಪಾಸಾದರೆ ಹುಂಜ ಕೊಡುತ್ತೇನೆಂದು ಬೈರಮ್ಮಜ್ಜಿ ಕೆರೆ ಏರಿಯ ಸಪ್ಪಲಮ್ಮನಿಗೆ ಹರಸಿಕೊಂಡು, ಕಾಲಿಗೆ ಅರಿಸಿನದ ದಾರ ಕಟ್ಟಿ ಬಿಟ್ಟಿದ್ದ ಹುಂಜ. ನಾನು ಪರೀಕ್ಷೆಗೇ ಕೂರಲಿಲ್ಲ. ಹಾಗಾಗಿ ಅದನ್ನು ದೇವರಿಗೆ ಕೊಡುವಂತಿಲ್ಲ. ದೇವರ ಹೆಸರು ಹೇಳಿದ್ದರಿಂದ ನಾವು ಸಾರು ಮಾಡುವಂತಿಲ್ಲ, ಮಾರುವಂತಿಲ್ಲ, ಒಂದು ಏಟು ಹಾಕುವಂತೆಯೂ ಇಲ್ಲ. ಅದು ಕಾಳಿನ ಮೊರಕ್ಕೇ ಹತ್ತಿ ನಿಂತು ರಾಗಿ ತಿನ್ನುತ್ತಿತ್ತು. ನಾನು ಶಾಲೆ ಬಿಟ್ಟದ್ದಕ್ಕೆ ಲೋಕದಲ್ಲಿ ಸಂತೋಷಪಟ್ಟ ಜೀವ ಅದೊಂದೇ. ಅಕ್ಕ ಅದಕ್ಕೆ 'ಎಸ್ಸೆಲ್ಸಿ' ಎಂದೇ ಹೆಸರಿಟ್ಟಿದ್ದಳು. ನಮ್ಮ ಮನೆಯಲ್ಲಿ ಎಸ್ಸೆಲ್ಸಿ ಅಂತ ಇದ್ದದ್ದು ಅದು ಮಾತ್ರ.

ಹರಕೆಯ ಹುಂಜಕ್ಕೆ ಐಬು ಇರಬಾರದು ಎಂಬುದು ನನಗೆ ಗೊತ್ತಿತ್ತು. ಆದರೆ ನಾನು ಪಾಸಾಗುವ ಸಂಭವವಿಲ್ಲದ ಮೇಲೆ ಅದನ್ನು ಕೊಡುವ ಸಂಭವವೂ ಇಲ್ಲ, ಒಂದೆರಡು ಗರಿಯಿಂದ ದೇವರಿಗಾಗಲಿ ಹುಂಜಕ್ಕಾಗಲಿ ಏನು ನಷ್ಟ ಎಂದು ಲೆಕ್ಕ ಹಾಕಿದೆ. ಮಧ್ಯಾಹ್ನ ಅದು ಹಿತ್ತಿಲಿನ ನೆರಳಿನಲ್ಲಿ ತೂಕಡಿಸುವಾಗ ಅಂಗೈಯಲ್ಲಿ ರಾಗಿ ಹಿಡಿದು ಹತ್ತಿರ ಕೂತು, ಒಂದು ಗರಿ ತೆಗೆದೆ. ಒಂದು ಸಾಕಾಗಲಿಲ್ಲ. ಎಡಕ್ಕೆ ಬಾಗಿದ್ದೊಂದು, ಬಲಕ್ಕೆ ಬಾಗಿದ್ದೊಂದು ಜೋಡಿ ಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತಿರುಚಿಕೊಳ್ಳುತ್ತದೆ. ಮೊದಲ ಜೋಡಿ ಕಟ್ಟುವಾಗ ಸೊಟ್ಟಗಾಯಿತು. ಎರಡನೆಯದು ಉದ್ದ ಗಿಡ್ಡವಾಯಿತು. ಅರೆಬರೆ ಕೆಲಸ ನನಗೆ ಹಿಡಿಸುವುದಿಲ್ಲ. ಸರಿಯಾದ ಒಂದು ಗರಿಗಾಳ ತಯಾರಾಗುವ ಹೊತ್ತಿಗೆ ಎಸ್ಸೆಲ್ಸಿಯ ಕುತ್ತಿಗೆ ತಲೆಯಿಂದ ಹೆಗಲವರೆಗೆ ಸಿಪ್ಪೆ ಸುಲಿದ ಗೆಣಸಿನ ಹಾಗೆ ನುಣ್ಣಗಾಗಿತ್ತು. ಒಂದು ಮಾತು ಮಾತ್ರ ಹೇಳಲೇಬೇಕು, ಎಡಬಲ ಎರಡೂ ಕಡೆ ಒಂದೇ ಸಮ ನುಣ್ಣಗಾಗಿತ್ತು.

ಅಜ್ಜಿ ನೋಡಿದರೆ ನನ್ನ ಕಥೆ ಮುಗಿಯಿತು. ಮರೆಮಾಚಲು ಉಳಿದ ರೇಷ್ಮೆ ಮತ್ತು ಜರಿಯಿಂದ ಅಗಲವಾದ ಒಂದು ಕಂಠಪಟ್ಟಿ ಹೆಣೆದು ಅದರ ಕೊರಳಿಗೆ ಕಟ್ಟಿದೆ. ಚೆನ್ನಾಗಿಯೇ ಹೆಣೆದೆ. ತಪ್ಪಾಗಿದ್ದೇ ಅಲ್ಲಿ. ಅಜ್ಜಿ ಅದನ್ನು ನೋಡಿದಳು. ಶಾಲೆ ಬಿಟ್ಟರೂ ಹೈದನಿಗೆ ದೈವಭಕ್ತಿ ಬಂತಲ್ಲ ಎಂದು ಕಣ್ಣೊರೆಸಿಕೊಂಡಳು. ಬೀದಿಯವರನ್ನೆಲ್ಲ ಕರೆದು ತೋರಿಸಿದಳು. ಕೊನೆಗೆ, ಇಷ್ಟು ಅಲಂಕಾರವಾಗಿರುವ ಹುಂಜವನ್ನು ಮಂಗಳವಾರ ಸಪ್ಪಲಮ್ಮನಿಗೆ ಒಂದು ಸಲ ತೋರಿಸಿಕೊಂಡಾದರೂ ಬರುತ್ತೇನೆ ಎಂದು ಪೂಜಾರಿ ಚಿಕ್ಕಬೀರಪ್ಪನಿಗೆ ಹೇಳಿ ಕಳಿಸಿದಳು.

ಅದೇ ಮಂಗಳವಾರ. ಅದೇ ಕೆರೆ ಏರಿ.

ಮಾವ ಲಾರಿಯನ್ನು ಏರಿಯ ಮೇಲೆ ನಿಲ್ಲಿಸಿ ಬೀಡಿ ಹಚ್ಚಿ ಕೂತ. ಅಕ್ಕ ತಮಾಷೆ ನೋಡಲು ಬಂದಳು. ದನ ತೊಳೆಯುವವರು, ಬಟ್ಟೆ ಒಗೆಯುವವರು ಕೈ ನಿಲ್ಲಿಸಿ ನನ್ನತ್ತ ನೋಡತೊಡಗಿದರು. ಅಲ್ಲಿ ವಾಡೆ ಇರಲಿಲ್ಲ. ಅವರಿಗೆಲ್ಲ ಬೆನ್ನು ತಿರುಗಿಸಿ ನೀರಿಗೆ ಮುಖ ಮಾಡಿ ನಿಂತೆ. ಸ್ವಲ್ಪ ದೂರದಲ್ಲಿ ಒಡೆದ ಪ್ಲಾಸ್ಟಿಕ್ ಕೊಡವೊಂದು ತೇಲುತ್ತಿತ್ತು. ತೇಲುವ ವಸ್ತು! ಕೋಲೆತ್ತಿ ಹಿಂದಕ್ಕೆ ಬೀಸಿದೆ, ಕಾದೆ, ಮುಂದಕ್ಕೆ ಬೀಸಿದೆ. ರೇಷ್ಮೆ ದಾರ ಗಾಳಿಯಲ್ಲಿ ಸುರುಳಿ ಬಿಚ್ಚಿಕೊಳ್ಳುತ್ತ ಹೋಗಿ, ಬಂಗಾರದ ಗರಿಗಾಳ ಹೂವು ಉದುರಿದ ಹಾಗೆ ಕೊಡದ ಪಕ್ಕ ಇಳಿಯಿತು. ದನ ತೊಳೆಯುವವರಲ್ಲಿ ಒಬ್ಬ "ಭಲೇ" ಎಂದ. ನನ್ನ ಜೀವಮಾನದಲ್ಲಿ ಬೇರೆಯವರು ನನಗೆ ಹೇಳಿದ ಮೊದಲ ಭಲೇ ಅದು. ಕಿವಿಯವರೆಗೂ ಬಿಸಿಯಾಯಿತು.

ಮೀನು ಬರಲಿಲ್ಲ. ಮತ್ತೆ ಬೀಸಿದೆ. ಮತ್ತೆ ಮತ್ತೆ ಬೀಸಿದೆ. ಮಾವನ ಬೀಡಿ ಮುಗಿಯುತ್ತ ಬಂತು.

ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ, ನನಗೆ ತಿಳಿಯದಂತೆ, ಅಜ್ಜಿ ಹುಂಜವನ್ನು ಕಂಕುಳಲ್ಲಿ ಅವುಚಿ, ಅದನ್ನು ಮುಚ್ಚಿಡಲು ತಲೆಯ ಮೇಲೆ ಖಾಲಿ ಬಿದಿರಿನ ಮಂಕರಿ ಹೊತ್ತು ಗುಡಿಯ ಮುಂದಕ್ಕೆ ಬಂದಿದ್ದಳು. ಸಪ್ಪಲಮ್ಮನ ಮುಂದೆ ಹುಂಜಕ್ಕೆ ಕೊರಳಲ್ಲಿ ಏನೂ ಇರಬಾರದು ಎಂದು ಚಿಕ್ಕಬೀರಪ್ಪ ಕಂಠಪಟ್ಟಿಯನ್ನು ಬಿಚ್ಚಿದನಂತೆ. ಬಿಚ್ಚಿದವನು ಹಾಗೇ ಹಿಂದಕ್ಕೆ ಸರಿದನಂತೆ. ಅಜ್ಜಿ ಆ ಬೋಳು ಕುತ್ತಿಗೆ ನೋಡಿ ಹೌಹಾರಿ ಕೈ ಸಡಿಲ ಬಿಟ್ಟಳಂತೆ. ಎಸ್ಸೆಲ್ಸಿ ನೆಲಕ್ಕೆ ಹಾರಿತು. ಆಗಲೇ ನಾನು ಹಿಂದಕ್ಕೆ ಬೀಸಿದ ದಾರ ಸ್ವಲ್ಪ ತಗ್ಗಾಗಿ, ಜರಿಯ ಗರಿಗಾಳ ಏರಿಯ ಹುಲ್ಲಿನ ಮೇಲೆ ಮಿಡತೆಯ ಹಾಗೆ ಮಿಂಚುತ್ತ ಕುಪ್ಪಳಿಸಿತು. ಹುಂಜ ನೋಡಿತು. ಓಡಿತು. ತನ್ನದೇ ಗರಿಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡಿತು!

ನನಗೆ ತಿಳಿದದ್ದು ಕೋಲು ಬಿಲ್ಲಿನಂತೆ ಬಾಗಿದ್ದು ಮಾತ್ರ. "ಸಿಕ್ತು ಮಾವಾ!" ಎಂದು ಕೂಗಿದೆ. ನಾನು ಹಾಗೆ ಕೂಗಬಲ್ಲೆ ಎಂಬುದು ನನಗೇ ಗೊತ್ತಿರಲಿಲ್ಲ. ಮೀನು ನೀರಿನ ಕಡೆ ಎಳೆಯುವ ಬದಲು ಗುಡಿಯ ಕಡೆ ಎಳೆಯುತ್ತಿತ್ತು. ಡೊರಾಡೊ ಹೇಳದೆ ಕೇಳದೆ ದಿಕ್ಕು ಬದಲಿಸುತ್ತದೆ ಎಂದು ಹಾಳೆಯಲ್ಲಿ ಓದಿದ್ದೆ, ಹಾಗಾಗಿ ಮೊದಲಿಗೆ ಆಶ್ಚರ್ಯವೂ ಆಗಲಿಲ್ಲ. ತಿರುಗಿ ನೋಡಿದೆ.

ಹಾಳೆಯಲ್ಲಿ ಬರೆದದ್ದೆಲ್ಲ ಒಂದೂ ತಪ್ಪದೆ ನಡೆಯಿತು. ಅದು ಗಾಳಿಗೆ ಚಿಮ್ಮಿತು. ಬಿಸಿಲಿಗೆ ಬಂಗಾರ, ಹಸಿರು, ನೀಲಿಯಾಗಿ ಹೊಳೆಯಿತು. ದಾರವನ್ನು ಸರ್ರನೆ ಎಳೆದುಕೊಂಡು ಲಾರಿಯ ಕೆಳಗೆ ನುಗ್ಗಿ ಇನ್ನೊಂದು ಕಡೆ ಎದ್ದಿತು. ನಾನು ದಾರ ಸಡಿಲ ಬಿಟ್ಟೆ, ಬಿಗಿ ಮಾಡಿದೆ, ಮತ್ತೆ ಸಡಿಲ ಬಿಟ್ಟೆ. ಮತ್ತು ಒಂದು ಸಿಕ್ಕಿಬಿದ್ದು ಒದ್ದಾಡುವಾಗ ಮಿಕ್ಕವು ಓಡಿಹೋಗದೆ ಸುತ್ತ ಗುಂಪುಗೂಡುತ್ತವೆ ಎಂಬ ಮಾತೂ ನಿಜವಾಯಿತು. ದನ ತೊಳೆಯುವವರು, ಬಟ್ಟೆ ಒಗೆಯುವವರು, ಬಸ್ಸಿಗೆ ಕಾಯುತ್ತಿದ್ದವರು, ಎಲ್ಲ ಬಂದು ಸುತ್ತ ನಿಂತರು. ಎಳೆದುಕೊಳ್ಳುವುದು ಹೇಗೆ ಎಂಬ ಹಾಳೆ ಮಾತ್ರ ನನ್ನ ಬಳಿ ಇರಲಿಲ್ಲವಲ್ಲ. ಅದರಲ್ಲಿ ಏನು ಬರೆದಿತ್ತು ಎಂಬುದು ಅಜ್ಜಿಗೆ ಗೊತ್ತಿತ್ತು. ಎರಡು ಹೆಜ್ಜೆ ಮುಂದೆ ಬಂದು ಮಂಕರಿ ಕವುಚಿದಳು.

ಮುಳ್ಳು ಉಜ್ಜಿ ನಯ ಮಾಡಿದ್ದರಿಂದ ಗಾಳ ತಾನಾಗಿಯೇ ಕಳಚಿ ಬಂತು. ಹುಂಜಕ್ಕೆ ಒಂದು ತೊಟ್ಟು ರಕ್ತವಿಲ್ಲ. ಅಜ್ಜಿ ಗರಿಗಾಳವನ್ನು ಅಂಗೈಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಮಂಕರಿಯ ಕಿಂಡಿಯೊಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಇದು ನಮ್ ಎಸ್ಸೆಲ್ಸಿ ಗರಿ ಅಲ್ವೇನ್ಲಾ?"

"ಹೂಂ ಅಜ್ಜಿ."

"ದೇವರ ಹುಂಜ ಅಂತ ಗೊತ್ತಿದ್ದೂ ಕಿತ್ತಾ?"

"ಎಡಕ್ಕೊಂದು ಬಲಕ್ಕೊಂದು ಸಮನಾಗೇ ಕಿತ್ತಿದ್ದೀನಿ ಅಜ್ಜಿ."

"ಕೇಳಿದ್ರಾ ಪೂಜಾರಪ್ಪ, ಸಮನಾಗಿ ಕಿತ್ತವ್ನಂತೆ."

ಜನ ನಕ್ಕರು. ದೋಣಿಯಲ್ಲಿ ಹೋಗುವಾಗ ಕೋಳಿ ಪಂಜರವನ್ನೂ ತೆಗೆದುಕೊಂಡು ಹೋಗಲಿ ಎಂದು ಅಕ್ಕ ಸಲಹೆ ಕೊಟ್ಟಳು. ಕೆರೆಯಲ್ಲಿ ಮೀನು ಸಿಕ್ಕಿರಲಿಲ್ಲ. ಸಮುದ್ರ ಮುಗಿಯಿತು. ಇನ್ನು ಕಂಡಿಕೆಯೇ ಗತಿ ಎಂದುಕೊಂಡು ದಾರ ಸುತ್ತತೊಡಗಿದೆ. ಗಂಟಾಗದಂತೆ, ನಿಧಾನವಾಗಿ, ತುದಿಯಿಂದ ಬುಡಕ್ಕೆ. ಮಾವ ಎದ್ದು ಬಂದು ಅದರ ನಡುಭಾಗವನ್ನು ಎರಡೂ ಕೈಗೆ ಸುತ್ತಿಕೊಂಡು ಜಗ್ಗಿದ. ಲಾರಿಗೆ ಹಗ್ಗ ಬಿಗಿಯುವ ಕೈಗಳು. ದಾರ ಹರಿಯಲಿಲ್ಲ. ಮಂಡಿಗೆ ಕೊಟ್ಟು ಜಗ್ಗಿದ. ಹರಿಯಲಿಲ್ಲ. ಉಗುರಿನಿಂದ ಗಂಟು ಹುಡುಕಿದ, ಸಿಗಲಿಲ್ಲ.

"ಇದನ್ನ ಎಲ್ಲಿ ತಂದೆ?"

"ನಾನೇ ಹೆಣೆದಿದ್ದು ಮಾವ. ಕರೆಂಟ್ ಹೋದಾಗ."

ಮಾವ ದಾರವನ್ನು ನನ್ನ ಕೈಗೆ ಹಿಂದಿರುಗಿಸಿದ. ಆಮೇಲೆ ಅಜ್ಜಿಗೆ ಹೇಳಿದ: "ಮೀನು ಸಿಗ್ಲಿಲ್ಲ ನಿಜ ಕಣಮ್ಮ. ಆದ್ರೆ ಇಷ್ಟು ನಿಯತ್ತಾಗಿ ಕೆಲ್ಸ ಮಾಡೋನಿಗೆ ಕೆರೆ ಸಾಕಾಗಾಕಿಲ್ಲ. ಹೈದನ್ನ ಕರ್ಕೊಂಡೋಗ್ತೀನಿ."

ಅಜ್ಜಿ ಗುಡಿಯ ಕಡೆ ತಿರುಗಿದಳು. ಮೊದಲು ದೇವರ ಹತ್ತಿರ ಇತ್ಯರ್ಥವಾಗಬೇಕಿತ್ತು. ಐಬಾದ ಹುಂಜ ಅಮ್ಮನಿಗೆ ಸಲ್ಲದು, ಗರಿ ಬೆಳೆಯುವವರೆಗೆ ಕಾಯಬೇಕು ಎಂದ ಚಿಕ್ಕಬೀರಪ್ಪ. ಬೆಳೆದ ಮೇಲೂ ಇವನು ಪಾಸಾಗಬೇಕಲ್ಲ ಎಂದಳು ಅಕ್ಕ. ಅಜ್ಜಿ ಸೆರಗು ಹೊದ್ದು, ಗುಡಿಯ ಮುಂದೆ ಕೈ ಮುಗಿದು, ಪಕ್ಕದ ಮನೆಯವಳ ಹತ್ತಿರ ಮಾತಾಡಿದ ಹಾಗೆ ಹೇಳಿದಳು:

"ಅಮ್ಮಾ ಸಪ್ಪಲಮ್ಮ, ಆ ಹತ್ನೇ ಕ್ಲಾಸಿನ ಮಾತು ಬಿಟ್ಬಿಡವ್ವ. ಈ ಹೈದ ಆ ಬಂಗಾರದ ಮೀನು ಹಿಡ್ಕೊಂಡು ನಮ್ಮನೆ ಹೊಸ್ಲು ತುಳಿದ ದಿನ ಈ ಹುಂಜ ನಿಂದು."

ಮಂಕರಿಯ ಒಳಗಿಂದ ಎಸ್ಸೆಲ್ಸಿ ಒಂದು ಕಣ್ಣು ಹೊರಳಿಸಿ ನನ್ನನ್ನು ದಿಟ್ಟಿಸಿತು. ನಮ್ಮಿಬ್ಬರ ಭವಿಷ್ಯವೂ ಆ ಕ್ಷಣದಲ್ಲಿ ಒಂದೇ ದಾರದಲ್ಲಿ ಬಿಗಿದುಕೊಂಡಿತು.

ಸಮುದ್ರಕ್ಕೆ ಹೋದೆ. ನೆಲಮಂಗಲ ದಾಟುವವರೆಗೆ ವೀರನಂತೆ ಕೂತಿದ್ದೆ. ಘಾಟಿ ಇಳಿಯುವಾಗ ಲಾರಿಯ ಕಿಟಕಿಯಿಂದ ತಲೆ ಒಳಗೆ ತರಲಾಗಲಿಲ್ಲ. ಮಲ್ಪೆಯಲ್ಲಿ ಮಾವ ತನ್ನ ಪರಿಚಯದ ದೋಣಿಗೆ ನನ್ನನ್ನು ಹತ್ತಿಸಿದ. ಸಮುದ್ರ ಕೆರೆಯಂತಲ್ಲ, ಅದಕ್ಕೆ ಆಚೆ ದಡವೇ ಇಲ್ಲ ಮತ್ತು ಅದು ಒಂದು ಕಡೆ ನಿಲ್ಲುವುದಿಲ್ಲ. ದಡ ಮರೆಯಾಗುವ ಹೊತ್ತಿಗೆ ನಾನು ಬಲೆಯ ರಾಶಿಯ ಮೇಲೆ ಅಂಗಾತ ಮಲಗಿದ್ದೆ.

ಮಧ್ಯಾಹ್ನದ ಹೊತ್ತಿಗೆ ದೋಣಿ ನಡೆಸುವ ಹಿರಿಯ ನನ್ನ ಕಾಲು ಅಲುಗಿಸಿದ. "ಏಳು ಮಾರಾಯ, ನೀನು ಹೇಳಿದ ಮೀನು ಅದೆಯಾ ನೋಡು."

ತೇಲುತ್ತಿದ್ದ ಒಂದು ಮರದ ದಿಮ್ಮಿ. ಅದರ ನೆರಳಿನಲ್ಲಿ ಹಸಿರು ಬೆನ್ನುಗಳು! ಇಬ್ಬರು ನನ್ನ ಸೊಂಟ ಹಿಡಿದು ನಿಲ್ಲಿಸಿದರು. ಕೋಲು ಹಿಂದಕ್ಕೆ ಬೀಸಿದೆ. ಹಿಂದೆ ಹುಂಜವಿಲ್ಲ ಎಂಬುದನ್ನು ಒಮ್ಮೆ ನೋಡಿಕೊಂಡೆ. ಮುಂದಕ್ಕೆ ಬೀಸಿದೆ. ಅಂಥ ಬೀಸನ್ನು ನಾನು ಹಿಂದೆ ಬೀಸಿರಲಿಲ್ಲ, ಈಗಲೂ ಬೀಸಲಾರೆ. ಕಸದಿಂದ ಆರಿಸಿದ ರೇಷ್ಮೆ ಅರಬ್ಬೀ ಸಮುದ್ರದ ಮೇಲೆ ನೀಟಾಗಿ ಬಿಚ್ಚಿಕೊಂಡು, ಎಸ್ಸೆಲ್ಸಿಯ ಗರಿ ದಿಮ್ಮಿಯ ಪಕ್ಕ ಇಳಿಯಿತು. ನೆರಳಿನಿಂದ ಒಂದು ಡೊರಾಡೊ ಎದ್ದು ಬಂತು. ಹಾಳೆಯ ಚಿತ್ರ ಸುಳ್ಳು, ಅದಕ್ಕಿಂತ ನೂರು ಪಾಲು ಚೆಂದ. ಮೈಯೆಲ್ಲ ದೀಪ ಹಚ್ಚಿಕೊಂಡ ಹಾಗೆ ಬಂದು, ಗರಿಯನ್ನು ಬಾಯಲ್ಲಿ ಹಿಡಿದು, ತಲೆಯೆತ್ತಿ ನನ್ನನ್ನು ನೇರವಾಗಿ ನೋಡಿತು.

ಆಗಲೇ ಹೇಳಿದ್ದೆನಲ್ಲ, ನಾನು ನಾಚಿಕೆಯವನು. ಗುರುತಿಲ್ಲದವರು ಅಷ್ಟು ಹತ್ತಿರದಿಂದ ಕಣ್ಣಿಟ್ಟು ನೋಡಿದರೆ ನನಗೆ ಕೈಕಾಲು ಆಡುವುದಿಲ್ಲ. ದಾರ ಜಗ್ಗಬೇಕಾದ ಆ ಒಂದೇ ಗಳಿಗೆಯಲ್ಲಿ ನಾನು ತಲೆ ತಗ್ಗಿಸಿಬಿಟ್ಟೆ. ಮತ್ತೆ ತಲೆ ಎತ್ತುವಷ್ಟರಲ್ಲಿ ಅದು ಗರಿಯನ್ನು ಉಗುಳಿ, ತನ್ನ ಬಳಗವನ್ನೆಲ್ಲ ಕರೆದುಕೊಂಡು ಹೊರಟುಹೋಗಿತ್ತು.

ಆದರೇನು? ನಮ್ಮ ತಾಲ್ಲೂಕಿನಲ್ಲಿ ಡೊರಾಡೊದೊಂದಿಗೆ ಮುಖಾಮುಖಿಯಾದ ಮೊದಲ ಮನುಷ್ಯ ನಾನೇ! ನಾನು ಕಟ್ಟಿದ ಗರಿಯನ್ನು ಅದು ನಂಬಿತು! ಈ ಎರಡು ಮಾತನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಉರು ಹೊಡೆಯುತ್ತ, ಎದೆ ಸೆಟೆಸಿಕೊಂಡು ಊರಿಗೆ ಬಂದೆ. ಮನೆಯಲ್ಲಿ ಜನ ಸೇರಿದ್ದರು. ವಾಡೆಯ ಹಿಂದೆ ಹೋಗದೆ ನಡುಮನೆಯಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅದು ಬಂದದ್ದು, ಹೊಳೆದದ್ದು, ಕಚ್ಚಿದ್ದು, ನನ್ನನ್ನು ನೋಡಿದ್ದು. ಅಕ್ಕ ಕೂಡ ನಡುವೆ ಬಾಯಿ ಹಾಕಲಿಲ್ಲ.

ಅಜ್ಜಿ ಕೊನೆಯವರೆಗೂ ಕೇಳಿದಳು. ನನ್ನ ಖಾಲಿ ಕೈಗಳನ್ನು ನೋಡಿದಳು. ಹೊಸ ಗರಿಗಳು ಆಗಷ್ಟೇ ಚಿಗುರುತ್ತಿದ್ದ ಎಸ್ಸೆಲ್ಸಿ ಹೊಸ್ತಿಲ ಮೇಲೆ ನಿಂತು ಅವಳನ್ನೇ ನೋಡುತ್ತಿತ್ತು. ಅಜ್ಜಿ ಎದ್ದು ಹೋಗಿ, ವಾಡೆಯಿಂದ ಬೊಗಸೆ ತುಂಬ ರಾಗಿ ತಂದು ಅದರ ಮುಂದೆ ಸುರಿದಳು.

"ತಿನ್ನಪ್ಪಾ, ನಿಧಾನಕ್ಕೆ ತಿನ್ನು," ಎಂದಳು. "ಇವನು ಸಮುದ್ರಕ್ಕೆ ಹೋಗ್ತಾ ಇರೋವರ್ಗೂ ನಿನ್ ಕುತ್ತಿಗೆಗೆ ಏನೂ ಭಯ ಇಲ್ಲ. ಗರಿ ಮಾತ್ರ ಹುಷಾರು."